ಗೆಡ್ಡೆಯೊಳಗಿನ ರಕ್ತನಾಳ ಯಾರದು?



ಕ್ಯಾನ್ಸರ್ ಗೆಡ್ಡೆ ಬೆಳೆಯಬೇಕಾದರೆ ಅದಕ್ಕೆ ರಕ್ತ ಬೇಕು. ಈ ಮಾತು ಯಾರಿಗೂ ಹೊಸದಲ್ಲ. ಆದರೆ ಆ ರಕ್ತ ಗೆಡ್ಡೆಯವರೆಗೆ ಹೇಗೆ ಬಂತು, ಬಾರದಂತೆ ತಡೆದರೆ ಏನಾಗುತ್ತದೆ ಎಂಬ ಪ್ರಶ್ನೆಗಳ ಹಿಂದೆ ಅರ್ಧ ಶತಮಾನಕ್ಕೂ ಮೀರಿದ ಹುಡುಕಾಟವಿದೆ. ಇವತ್ತು ನಮ್ಮ ಕ್ಯಾನ್ಸರ್ ಆಸ್ಪತ್ರೆಗಳ ಡೇ ಕೇರ್ ವಾರ್ಡಿನಲ್ಲಿ ಡ್ರಿಪ್ ಹಾಕಿಸಿಕೊಳ್ಳುತ್ತ ಕೂತ ಎಷ್ಟೋ ಜನರ ಮೈಗೆ ಇಳಿಯುತ್ತಿರುವ ಔಷಧ ಈ ಪ್ರಶ್ನೆಗಳಿಂದಲೇ ಹುಟ್ಟಿದ್ದು. ಅದರಿಂದ ಎಷ್ಟು ನಿರೀಕ್ಷಿಸಬಹುದು ಎಂಬುದನ್ನು ಮನೆಯವರಿಗೆ ಬಿಡಿಸಿ ಹೇಳಲು ಹೊರರೋಗಿ ವಿಭಾಗದ ನೂಕುನುಗ್ಗಲಿನಲ್ಲಿ ಪುರುಸೊತ್ತು ಸಿಗುವುದಿಲ್ಲ. ಈ ಉಪನ್ಯಾಸಕ್ಕೆ ಒಂದು ಗಂಟೆ ಸಿಕ್ಕಿದೆ, ಅದನ್ನು ಅದಕ್ಕೇ ಬಳಸುತ್ತೇನೆ.

ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಒಂದೇ ಸಂಗತಿ. ಗೆಡ್ಡೆಯ ಜೀವಕೋಶಗಳು ಹಾದಿ ತಪ್ಪಿದವು. ಆದರೆ ಅವಕ್ಕೆ ರಕ್ತ ತಂದುಕೊಡುವ ನಾಳಗಳು ರೋಗಿಯ ದೇಹದವೇ. ಈ ಚಿಕಿತ್ಸೆಯ ಬಗ್ಗೆ ಹುಟ್ಟಿದ ಭರವಸೆ, ಆಮೇಲೆ ಕಂಡ ಮಿತಿ, ಅಡ್ಡ ಪರಿಣಾಮಗಳು, ಎಲ್ಲವೂ ಇಲ್ಲಿಂದಲೇ ಹೊರಡುತ್ತವೆ.

1960ರ ದಶಕದ ಆರಂಭದಲ್ಲಿ ಜೂಡಾ ಫೋಕ್‌ಮನ್ ಎಂಬ ತರುಣ ಶಸ್ತ್ರವೈದ್ಯರು ಅಮೆರಿಕದ ನೌಕಾಪಡೆಯ ಬೆಥೆಸ್ಡಾ ವೈದ್ಯಕೀಯ ಕೇಂದ್ರದಲ್ಲಿ ಸೇವೆಗಿದ್ದರು. ಅವರಿಗೆ ವಹಿಸಿದ್ದ ಕೆಲಸಕ್ಕೂ ಕ್ಯಾನ್ಸರಿಗೂ ಸಂಬಂಧವಿರಲಿಲ್ಲ. ತಿಂಗಳುಗಟ್ಟಲೆ ಸಮುದ್ರದಲ್ಲಿರುವ ಹಡಗುಗಳಲ್ಲಿ ರಕ್ತ ಕೆಡದಂತೆ ಇಟ್ಟುಕೊಳ್ಳುವುದು ಕಷ್ಟ. ರಕ್ತದ ಬದಲು ಹಿಮೋಗ್ಲೋಬಿನ್ ದ್ರಾವಣ ಕೆಲಸಕ್ಕೆ ಬರುತ್ತದೆಯೇ ಎಂದು ಅವರು ನೋಡಬೇಕಿತ್ತು. ಸಹೋದ್ಯೋಗಿ ಫ್ರೆಡರಿಕ್ ಬೆಕರ್ ಜೊತೆಗೂಡಿ ಅವರು ಮೊಲದ ಥೈರಾಯ್ಡ್ ಗ್ರಂಥಿಯನ್ನು ಹೊರತೆಗೆದು ಗಾಜಿನ ಪಾತ್ರೆಯಲ್ಲಿಟ್ಟು, ಅದರ ರಕ್ತನಾಳಗಳೊಳಗೆ ಆ ದ್ರಾವಣ ಹರಿಸಿದರು. ಗ್ರಂಥಿ ಬದುಕಿ ಉಳಿಯಿತು. ಅದರೊಳಗೆ ಬೇರೆ ಜೀವಕೋಶ ಬೆಳೆಯಬಲ್ಲುದೇ ಎಂದು ತಿಳಿಯಲು ಇಲಿಯ ಮೆಲನೋಮ ಕ್ಯಾನ್ಸರಿನ ಕೋಶಗಳನ್ನು ಬಿತ್ತಿದರು. ಕೋಶಗಳು ಬೆಳೆದು ಸಣ್ಣ ಕಪ್ಪು ಚುಕ್ಕೆಗಳಾದವು. ಒಂದೆರಡು ಮಿಲಿಮೀಟರ್ ಆದಮೇಲೆ ಎಲ್ಲವೂ ಒಟ್ಟಿಗೇ ನಿಂತುಬಿಟ್ಟವು.

ಸತ್ತಿದ್ದರಿಂದ ನಿಂತದ್ದಲ್ಲ. ಅದೇ ಚುಕ್ಕೆಗಳನ್ನು ತೆಗೆದು ಇಲಿಗಳ ಮೈಗೆ ಕಸಿ ಮಾಡಿದಾಗ ಭರಭರನೆ ದೊಡ್ಡ ಗೆಡ್ಡೆಗಳಾದವು. ಇಲಿಯ ಮೈಯಲ್ಲಿ ಗೆಡ್ಡೆಯೊಳಕ್ಕೆ ಹೊಸ ರಕ್ತನಾಳಗಳು ನುಗ್ಗಿದ್ದವು, ಗಾಜಿನ ಪಾತ್ರೆಯಲ್ಲಿ ಒಂದೂ ಹುಟ್ಟಿರಲಿಲ್ಲ. ಫೋಕ್‌ಮನ್ ಮುಂದಿನ ನಾಲ್ಕು ದಶಕ ಈ ವ್ಯತ್ಯಾಸದ ಬೆನ್ನು ಬಿಡಲಿಲ್ಲ.

ಒಂದೆರಡು ಮಿಲಿಮೀಟರ್ ಎಂಬ ಆ ಗಡಿ ಎಲ್ಲಿಂದ ಬಂತು? ರಕ್ತನಾಳದಿಂದ ಹೊರಬಿದ್ದ ಆಮ್ಲಜನಕ ತಾನಾಗಿ ಹರಡಿಕೊಂಡು ಹೋಗಬಲ್ಲ ದೂರ ಹೆಚ್ಚೆಂದರೆ ನೂರರಿಂದ ಇನ್ನೂರು ಮೈಕ್ರಾನ್, ಅಂದರೆ ಮಿಲಿಮೀಟರಿನ ಹತ್ತನೇ ಒಂದರಿಂದ ಐದನೇ ಒಂದು ಭಾಗ. ಅದರಾಚೆಯ ಕೋಶ ಉಸಿರುಕಟ್ಟಿ ಸಾಯುತ್ತದೆ. ನಮ್ಮ ದೇಹದ ಬಹುತೇಕ ಎಲ್ಲ ಕೋಶಗಳ ಹತ್ತಿರವೂ ಲೋಮನಾಳ ಹಾದುಹೋಗಿರುವುದು ಇದಕ್ಕೇ. ಹೊಸ ನಾಳ ಸಿಗದ ಗೆಡ್ಡೆಯಲ್ಲಿ ಹೊರಗೆ ಹುಟ್ಟುವಷ್ಟು ಕೋಶ ಒಳಗೆ ಸಾಯುತ್ತಿರುತ್ತದೆ, ಗಾತ್ರ ಹಾಗೇ ಉಳಿಯುತ್ತದೆ.

ಗೆಡ್ಡೆಗಳ ಸುತ್ತ ರಕ್ತನಾಳ ಹೆಚ್ಚಾಗುವುದನ್ನು ಮೊದಲು ಕಂಡವರು ಫೋಕ್‌ಮನ್ ಅಲ್ಲ. 1939ರಲ್ಲಿ ಗಾರ್ಡನ್ ಐಡ್ ಮತ್ತು ಸಂಗಡಿಗರು ಮೊಲದ ಕಿವಿಗೆ ಪಾರದರ್ಶಕ ಕಿಟಕಿ ಕೂರಿಸಿ ಇದನ್ನು ನೋಡಿದ್ದರು. 1945ರಲ್ಲಿ ಗ್ಲೆನ್ ಆಲ್ಜೈರ್ ಇಲಿಗಳಲ್ಲಿ ಇನ್ನಷ್ಟು ಕೂಲಂಕಷವಾಗಿ ಗಮನಿಸಿದ್ದರು. ಇದನ್ನು ಚಿಕಿತ್ಸೆಯ ದಾರಿಯನ್ನಾಗಿ ಕಂಡದ್ದು ಫೋಕ್‌ಮನ್. 1971ರ ನವೆಂಬರಿನಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಅವರು ಬರೆದರು: ಗೆಡ್ಡೆ ಯಾವುದೋ ವಸ್ತುವನ್ನು ಸ್ರವಿಸಿ ಪಕ್ಕದ ರಕ್ತನಾಳಗಳಿಂದ ಕವಲುಗಳನ್ನು ಎಳೆದುಕೊಳ್ಳುತ್ತದೆ, ಆ ವಸ್ತುವನ್ನು ತಡೆದರೆ ಗೆಡ್ಡೆ ಅಷ್ಟರಲ್ಲೇ ನಿಲ್ಲುತ್ತದೆ. ಅಷ್ಟು ಹೊತ್ತಿಗೆ ಅವರು ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯ ಮುಖ್ಯ ಶಸ್ತ್ರವೈದ್ಯರು. ಚಾಕು ಹಿಡಿಯುವವರಿಗೆ ಜೀವಕೋಶದ ಉಸಾಬರಿ ಯಾಕೆ ಎಂಬ ಧಾಟಿಯ ಟೀಕೆಗಳು ಬಂದವು. ಗೆಡ್ಡೆಯ ಕೆಂಪು ಬರೀ ಉರಿಯೂತ ಎಂದವರೂ ಇದ್ದರು. ನನ್ನ ಮಟ್ಟಿಗೆ ಅವರಿಗಿದ್ದ ಬಲವೇ ಶಸ್ತ್ರಚಿಕಿತ್ಸೆ. ಬದುಕಿರುವ ಗೆಡ್ಡೆಯನ್ನು ಕೈಯಲ್ಲಿ ಮುಟ್ಟಿದವರಿಗೆ, ಕತ್ತರಿಸಿದಲ್ಲೆಲ್ಲ ಅದು ಹೇಗೆ ರಕ್ತ ಸುರಿಸುತ್ತದೆ ಎಂಬುದು ಗೊತ್ತಿರುತ್ತದೆ. ಬಣ್ಣ ಕಳೆದುಕೊಂಡ ತೆಳು ಚೂರನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡುವವರಿಗೆ ಅದು ಕಾಣುವುದಿಲ್ಲ.

ಟೀಕೆಗೆ ಅವರ ಬಳಗ ಕೊಟ್ಟ ಉತ್ತರಗಳಲ್ಲಿ ಒಂದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಮೊಲದ ಕಣ್ಣಿನಲ್ಲಿ ಪಾರದರ್ಶಕ ಪಟಲದ ಹಿಂದೆ ತಿಳಿನೀರು ತುಂಬಿದ ಕೋಣೆಯಿದೆ. ಆ ನೀರಿನಲ್ಲಿ ರಕ್ತನಾಳವಿಲ್ಲ, ಅದರ ಹಿಂದಿರುವ ಬಣ್ಣದ ಪೊರೆಯಲ್ಲಿ ಬೇಕಾದಷ್ಟಿವೆ. 1972ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮೈಕೆಲ್ ಗಿಂಬ್ರೋನ್ ಮತ್ತು ಫೋಕ್‌ಮನ್ ಕ್ಯಾನ್ಸರಿನ ಪುಟ್ಟ ಚೂರುಗಳನ್ನು ಈ ಕೋಣೆಯ ನೀರಿನಲ್ಲಿ ತೇಲಿಬಿಟ್ಟರು. ಕೆಲವು ಚೂರುಗಳನ್ನು ಬಣ್ಣದ ಪೊರೆಗೆ ತಾಗಿಸಿಟ್ಟರು. ತೇಲುತ್ತಿದ್ದ ಚೂರುಗಳು ವಾರಗಟ್ಟಲೆ ಮಿಲಿಮೀಟರಿನ ಆಸುಪಾಸಿನಲ್ಲೇ ಉಳಿದವು. ಪೊರೆಗೆ ತಾಗಿದವುಗಳೊಳಕ್ಕೆ ನಾಳಗಳು ಹೊಕ್ಕು, ಎರಡು ವಾರದೊಳಗೆ ಅವು ಸಾವಿರಾರು ಪಟ್ಟು ಹಿಗ್ಗಿದವು. ಸುಮ್ಮನೆ ತೇಲುತ್ತಿದ್ದ ಚೂರನ್ನು ತಂದು ಪೊರೆಗೆ ತಾಗಿಸಿದರೆ ಅದೂ ಹಿಗ್ಗಿತು. ಚೂರು ಅದೇ, ಕಣ್ಣೂ ಅಂಥದೇ, ರಕ್ತನಾಳ ಎಟುಕಿತೇ ಇಲ್ಲವೇ ಎಂಬುದಷ್ಟೇ ಬೇರೆ. ವೈದ್ಯಕೀಯದಲ್ಲಿ ಇಷ್ಟು ಸ್ಪಷ್ಟವಾಗಿ ಮಾತಾಡುವ ಪ್ರಯೋಗ ಅಪರೂಪ.

ಗೆಡ್ಡೆ ಸ್ರವಿಸುವ ವಸ್ತು ಯಾವುದು ಎಂಬುದು ಇನ್ನೊಂದು ದಿಕ್ಕಿನಿಂದ ಬಯಲಾಯಿತು. 1983ರಲ್ಲಿ ಬಾಸ್ಟನ್ನಿನಲ್ಲೇ ಡೊನಾಲ್ಡ್ ಸೆಂಗರ್ ಮತ್ತು ಹೆರಾಲ್ಡ್ ಡ್ವೊರಾಕ್ ಗೆಡ್ಡೆಯಿಂದ ಒಂದು ಪ್ರೋಟೀನನ್ನು ಬೇರ್ಪಡಿಸಿದರು. ಅದು ರಕ್ತನಾಳಗಳನ್ನು ಸೋರುವಂತೆ ಮಾಡುತ್ತಿತ್ತು. 1989ರಲ್ಲಿ ಇಟಲಿ ಮೂಲದ ನಪೋಲಿಯೋನ್ ಫೆರಾರಾ, ಕ್ಯಾಲಿಫೋರ್ನಿಯಾದ ಜೆನೆಂಟೆಕ್ ಕಂಪನಿಯಲ್ಲಿ, ರಕ್ತನಾಳದ ಒಳಪದರದ ಕೋಶಗಳನ್ನು ಬೆಳೆಸುವ ಪ್ರೋಟೀನ್ ಒಂದನ್ನು ಪತ್ತೆಹಚ್ಚಿದರು. ಎರಡೂ ಒಂದೇ ಎಂದು ಆಮೇಲೆ ಗೊತ್ತಾಯಿತು. ಅದೇ ಇವತ್ತು ನಾವು ವಿಇಜಿಎಫ್ ಎನ್ನುವ ಪ್ರೋಟೀನ್. ಕೋಶಕ್ಕೆ ಆಮ್ಲಜನಕ ಕಡಿಮೆಯಾದಾಗ ಅದರೊಳಗಿನ ಎಚ್‌ಐಎಫ್ ಎಂಬ ಪ್ರೋಟೀನ್ ನಾಶವಾಗದೆ ಉಳಿದು, ವಿಇಜಿಎಫ್ ತಯಾರಿಕೆಗೆ ಚಾಲನೆ ಕೊಡುತ್ತದೆ. ಕೋಶಗಳು ಆಮ್ಲಜನಕದ ಕೊರತೆಯನ್ನು ಹೀಗೆ ಗುರುತಿಸುವ ಬಗೆಯನ್ನು ಬಿಡಿಸಿದ್ದಕ್ಕೆ ವಿಲಿಯಂ ಕೇಲಿನ್, ಪೀಟರ್ ರ್‍ಯಾಟ್‌ಕ್ಲಿಫ್, ಗ್ರೆಗ್ ಸೆಮೆಂಜಾ ಅವರಿಗೆ 2019ರ ನೊಬೆಲ್ ಬಂತು.

ಗಮನಿಸಿ, ಈ ವ್ಯವಸ್ಥೆಯಲ್ಲಿ ಕ್ಯಾನ್ಸರಿನದೇ ಆದದ್ದು ಏನೂ ಇಲ್ಲ. ಗರ್ಭದಲ್ಲಿ ಮಗುವಿನ ರಕ್ತನಾಳ ಬೆಳೆಯುವುದು ವಿಇಜಿಎಫ್‌ನಿಂದ. ಕೈ ಕುಯ್ದುಕೊಂಡರೆ ಗಾಯದ ಅಂಚಿನಲ್ಲಿ ಕೆಂಪು ಚಿಗುರುವುದೂ, ತಿಂಗಳು ತಿಂಗಳು ಗರ್ಭಕೋಶದ ಒಳಪದರ ಮತ್ತೆ ಕಟ್ಟಿಕೊಳ್ಳುವುದೂ ಅದರಿಂದಲೇ. ಗಾಯ ಮಾಯ್ದ ಮೇಲೆ ಈ ಕೆಲಸ ನಿಲ್ಲುತ್ತದೆ. ಗೆಡ್ಡೆಯಲ್ಲಿ ನಿಲ್ಲುವುದಿಲ್ಲ. 1986ರಲ್ಲಿ ಡ್ವೊರಾಕ್ ಗೆಡ್ಡೆಯನ್ನು ಮಾಯದ ಗಾಯ ಎಂದು ಕರೆದದ್ದು ಈ ಅರ್ಥದಲ್ಲಿ.

ಹಾಗಾದರೆ ಭರವಸೆ ಯಾವುದರ ಮೇಲೆ ನಿಂತಿತ್ತು? ಕ್ಯಾನ್ಸರ್ ಕೋಶ ಸದಾ ಬದಲಾಗುತ್ತಿರುತ್ತದೆ, ಇವತ್ತು ನಾಟಿದ ಕೀಮೋ ಆರು ತಿಂಗಳಲ್ಲಿ ನಾಟುವುದಿಲ್ಲ. ರಕ್ತನಾಳದ ಕೋಶ ರೋಗಿಯ ಸಹಜ ಕೋಶವಾದ್ದರಿಂದ ಹಾಗೆ ಬದಲಾಗುವುದಿಲ್ಲ, ಔಷಧಕ್ಕೆ ಒಗ್ಗಿಕೊಳ್ಳುವುದಿಲ್ಲ ಎಂಬ ತರ್ಕ. ಫೋಕ್‌ಮನ್ ಪ್ರಯೋಗಾಲಯದಲ್ಲಿ ಮೈಕೆಲ್ ಓ’ರೈಲಿ ಕಂಡುಹಿಡಿದ ಎಂಡೋಸ್ಟಾಟಿನ್ ಎಂಬ ಪ್ರೋಟೀನನ್ನು ಇಲಿಗಳಿಗೆ ಸುತ್ತಿನ ಮೇಲೆ ಸುತ್ತು ಕೊಟ್ಟರೂ ಗೆಡ್ಡೆ ಅದಕ್ಕೆ ಒಗ್ಗಲಿಲ್ಲ ಎಂದು 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. 1998ರ ಮೇ 3ರ ಭಾನುವಾರ ‘ನ್ಯೂಯಾರ್ಕ್ ಟೈಮ್ಸ್’ ಮುಖಪುಟದಲ್ಲಿ ಈ ಸುದ್ದಿ ಬಂತು. ಮರುದಿನ, ಎಂಡೋಸ್ಟಾಟಿನ್ ಮೇಲೆ ಕೆಲಸ ಮಾಡುತ್ತಿದ್ದ ಎಂಟ್ರಿಮೆಡ್ ಎಂಬ ಸಣ್ಣ ಕಂಪನಿಯ ಷೇರು ಒಂದೇ ದಿನದಲ್ಲಿ ಹಲವು ಪಟ್ಟು ಜಿಗಿಯಿತು. ಆಸ್ಪತ್ರೆಗೆ ಲೋಕದ ಮೂಲೆ ಮೂಲೆಯಿಂದ ಕರೆಗಳು ಬಂದವು. ಫೋಕ್‌ಮನ್ ಮಾತ್ರ ಇದು ಇಲಿಗಳ ಮಾತು, ಇಲಿಗಳ ಮಾತು ಎಂದು ಹೇಳುತ್ತಲೇ ಇದ್ದರು. ಮನುಷ್ಯರ ಮೇಲಿನ ಪರೀಕ್ಷೆಗಳಲ್ಲಿ ಎಂಡೋಸ್ಟಾಟಿನ್ ಆ ಭರವಸೆಯನ್ನು ಉಳಿಸಿಕೊಳ್ಳಲಿಲ್ಲ. ಅಮೆರಿಕದಲ್ಲಿ ಅದು ಔಷಧವಾಗಿ ಬರಲೇ ಇಲ್ಲ.

ಬಂದದ್ದು ಫೆರಾರಾ ದಾರಿಯ ಔಷಧ. ವಿಇಜಿಎಫ್ ಅನ್ನು ಹಿಡಿದು ನಿಷ್ಕ್ರಿಯಗೊಳಿಸುವ ಪ್ರತಿಕಾಯ, ಹೆಸರು ಬೆವಸಿಜುಮ್ಯಾಬ್, ನಾವೆಲ್ಲ ಅವಾಸ್ಟಿನ್ ಎಂಬ ಬ್ರ್ಯಾಂಡ್ ಹೆಸರಿನಲ್ಲಿ ಮೊದಲು ಕಂಡದ್ದು. ದೇಹದ ಬೇರೆಡೆಗೆ ಹರಡಿದ ದೊಡ್ಡ ಕರುಳಿನ ಕ್ಯಾನ್ಸರಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2004ರ ಫೆಬ್ರವರಿಯಲ್ಲಿ ಇದಕ್ಕೆ ಅನುಮತಿ ಕೊಟ್ಟಿತು. ಎಂಟುನೂರಕ್ಕೂ ಹೆಚ್ಚು ರೋಗಿಗಳ ಪರೀಕ್ಷೆಯಲ್ಲಿ ಬರೀ ಕೀಮೋ ಪಡೆದವರ ಮಧ್ಯಮ ಆಯುಷ್ಯ 15.6 ತಿಂಗಳು, ಜೊತೆಗೆ ಬೆವಸಿಜುಮ್ಯಾಬ್ ಪಡೆದವರದು 20.3 ತಿಂಗಳು. ಮಧ್ಯಮ ಎಂದರೆ ಅರ್ಧ ಜನ ಅದಕ್ಕಿಂತ ಕಡಿಮೆ, ಅರ್ಧ ಜನ ಅದಕ್ಕಿಂತ ಹೆಚ್ಚು ಕಾಲ ಬದುಕಿದರು ಎಂದು. ನಡುವಿನ ಅಂತರ 4.7 ತಿಂಗಳು.

ಈ ನಾಲ್ಕೂಮುಕ್ಕಾಲು ತಿಂಗಳನ್ನು ಹಗುರವಾಗಿ ಕಾಣುವವರ ಜೊತೆ ನನಗೆ ಒಮ್ಮತವಿಲ್ಲ. ಮಗಳ ಮದುವೆಗೆ ನಿಂತು ಧಾರೆ ಎರೆಯಬೇಕೆಂದಿರುವ ತಂದೆಗೆ ಅದು ದೊಡ್ಡದು. ಅದನ್ನು ಗುಣಪಡಿಸುವ ಮದ್ದು ಎಂದು ಬಿಂಬಿಸಿ ಹೊಲ ಮಾರಿಸುವವರ ಮೇಲೆ ಮಾತ್ರ ನನಗೆ ಸಿಟ್ಟಿದೆ. ಎರಡೂ ಮಾತನ್ನು ಒಟ್ಟಿಗೆ ಹೇಳಬೇಕು.

ಸ್ತನ ಕ್ಯಾನ್ಸರಿನ ಅನುಭವ ಇನ್ನೂ ಕಠಿಣ. ಗೆಡ್ಡೆ ಮತ್ತೆ ಬೆಳೆಯುವವರೆಗಿನ ಅವಧಿ 5.9 ತಿಂಗಳಿಂದ 11.8 ತಿಂಗಳಿಗೆ ಏರಿತು ಎಂಬ ಫಲಿತಾಂಶ ನೋಡಿ ಎಫ್‌ಡಿಎ 2008ರಲ್ಲಿ ತಾತ್ಕಾಲಿಕ ಬಗೆಯ ಅನುಮತಿ ಕೊಟ್ಟಿತು. ಮುಂದಿನ ಪರೀಕ್ಷೆಗಳಲ್ಲಿ ಆ ಲಾಭ ಕುಗ್ಗಿತು, ಆಯುಷ್ಯವಂತೂ ಹೆಚ್ಚಲಿಲ್ಲ. 2011ರ ನವೆಂಬರಿನಲ್ಲಿ ಅನುಮತಿ ವಾಪಸಾಯಿತು. ಅದನ್ನು ಉಳಿಸಿ ಎಂದು ಕಣ್ಣೀರಿಟ್ಟ ಮಹಿಳೆಯರಿದ್ದರು. ಆ ನಿರ್ಧಾರ ಸರಿಯೆಂದೇ ನಾನು ತಿಳಿದಿದ್ದೇನೆ. ಸ್ಕ್ಯಾನಿನಲ್ಲಿ ಗೆಡ್ಡೆ ಚಿಕ್ಕದಾಗಿ ಕಾಣುವುದೇ ಬೇರೆ, ಮನುಷ್ಯರು ಹೆಚ್ಚು ಕಾಲ ಅಥವಾ ಹೆಚ್ಚು ನೆಮ್ಮದಿಯಾಗಿ ಬದುಕುವುದೇ ಬೇರೆ.

ಗರ್ಭಕೊರಳಿನ ಕ್ಯಾನ್ಸರಿನಲ್ಲಿ ಹಾಗಾಗಲಿಲ್ಲ. ಮರುಕಳಿಸಿದ ಅಥವಾ ಹರಡಿದ ರೋಗದಲ್ಲಿ ಕೀಮೋ ಜೊತೆ ಬೆವಸಿಜುಮ್ಯಾಬ್ ಕೊಟ್ಟಾಗ ಮಧ್ಯಮ ಆಯುಷ್ಯ 13.3ರಿಂದ 17 ತಿಂಗಳಿಗೆ ಏರಿತು ಎಂದು 2014ರಲ್ಲಿ ಪ್ರಕಟವಾಯಿತು. ನಮ್ಮ ಹಳ್ಳಿಗಳಿಂದ ತಡವಾಗಿ ಬರುವ ಹೆಣ್ಣುಮಕ್ಕಳಲ್ಲಿ ಈ ರೋಗ ಎಷ್ಟು ಎಂಬುದನ್ನು ನಮ್ಮ ಯಾವ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆಯ ವಾರ್ಡಿನಲ್ಲಾದರೂ ನೋಡಬಹುದು. ಲಸಿಕೆಯಿಂದಲೂ ಸಮಯಕ್ಕೆ ಮಾಡಿಸಿದ ತಪಾಸಣೆಯಿಂದಲೂ ತಡೆಯಬಹುದಾದ ರೋಗ ಇದು ಎಂಬುದನ್ನು ಇಲ್ಲಿ ಹೇಳದೆ ಮುಂದಕ್ಕೆ ಹೋಗಲಾರೆ.

ತರ್ಕ ಸರಿಯಾಗಿದ್ದರೂ ಫಲ ಯಾಕೆ ತಿಂಗಳುಗಳಲ್ಲೇ ಉಳಿಯಿತು? ರಕ್ತನಾಳದ ಕೋಶ ಬದಲಾಗದಿರಬಹುದು, ಅದನ್ನು ಕರೆಯುವ ಗೆಡ್ಡೆ ಬದಲಾಗುತ್ತದೆ. ವಿಇಜಿಎಫ್ ದಾರಿ ಮುಚ್ಚಿದರೆ ಬೇರೆ ಬೆಳವಣಿಗೆಯ ಪ್ರೋಟೀನುಗಳನ್ನು ಹೊರಬಿಡುತ್ತದೆ. ಇನ್ನು ಕೆಲವು ಗೆಡ್ಡೆಗಳಿಗೆ ಹೊಸ ನಾಳವೇ ಬೇಕಿಲ್ಲ. ಮಿದುಳು, ಯಕೃತ್ತು, ಶ್ವಾಸಕೋಶಗಳಲ್ಲಿ ಮೊದಲೇ ಇರುವ ನಾಳಗಳನ್ನು ತಬ್ಬಿಕೊಂಡು ಅವುಗಳ ಉದ್ದಕ್ಕೂ ತೆವಳಿಕೊಂಡು ಹೋಗುತ್ತವೆ.

ಇದಕ್ಕಿಂತ ಆಳದ ತಿದ್ದುಪಡಿ ಬಂದದ್ದು ರಾಕೇಶ್ ಜೈನ್ ಅವರಿಂದ. ಐಐಟಿ ಕಾನ್ಪುರದಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಓದಿ ಬಾಸ್ಟನ್ನಿನ ಮ್ಯಾಸಚುಸೆಟ್ಸ್ ಜನರಲ್ ಆಸ್ಪತ್ರೆ ಸೇರಿದವರು. ದ್ರವ ಹರಿಯುವ ಲೆಕ್ಕಾಚಾರ ಗೊತ್ತಿದ್ದ ಅವರು ಗೆಡ್ಡೆಯ ನಾಳಗಳನ್ನು ಎಂಜಿನಿಯರ್ ಕಣ್ಣಿನಿಂದ ನೋಡಿದರು. ಅಡ್ಡಾದಿಡ್ಡಿ ಕವಲು, ಎಲ್ಲೆಂದರಲ್ಲಿ ಸೋರಿಕೆ. ತೋಟದ ಡ್ರಿಪ್ ಪೈಪು ಮೊದಲ ಸಾಲಿನಲ್ಲೇ ತೂತುಬಿದ್ದರೆ ಅಲ್ಲಿ ಕೆಸರು ನಿಂತು ಕೊನೆಯ ಸಾಲಿನ ಗಿಡ ಒಣಗುತ್ತದಲ್ಲ, ಗೆಡ್ಡೆಯೊಳಗಿನ ಪರಿಸ್ಥಿತಿ ಹಾಗೆ. ಸೋರಿದ ದ್ರವದ ಒತ್ತಡದಿಂದಾಗಿ ಕೀಮೋ ಒಳಗೆ ತಲುಪುವುದೇ ಇಲ್ಲ. ವಿಇಜಿಎಫ್ ತಡೆಯುವ ಔಷಧವನ್ನು ಹದವಾಗಿ ಕೊಟ್ಟರೆ ಉಳಿದ ನಾಳಗಳು ಕೆಲಕಾಲ ಸರಿಹೋಗಿ, ಕೀಮೋ ಒಳಕ್ಕೆ ಸೇರುತ್ತದೆ ಎಂದು ಅವರು 2001ರಲ್ಲಿ ಪ್ರತಿಪಾದಿಸಿದರು. ನಾಳ ಮುಚ್ಚುವ ಔಷಧ ನಾಳ ರಿಪೇರಿ ಮಾಡಿ ಕೆಲಸ ಮಾಡುತ್ತದೆ ಎಂಬುದು ಫೋಕ್‌ಮನ್ ತರ್ಕಕ್ಕೆ ಪೂರ್ತಿ ತಿರುಗುಮುರುಗು. ಕರುಳಿನ ಕ್ಯಾನ್ಸರಿನಲ್ಲಿ ಬೆವಸಿಜುಮ್ಯಾಬ್ ಒಂಟಿಯಾಗಿ ಹೆಚ್ಚು ಮಾಡದೆ, ಕೀಮೋ ಜೊತೆಗಿದ್ದಾಗ ಫಲ ಕೊಡುವುದಕ್ಕೆ ಇದು ಒಳ್ಳೆಯ ವಿವರಣೆ.

ಇನ್ನು ವಾರ್ಡಿಗೆ ಬನ್ನಿ. ಬೆವಸಿಜುಮ್ಯಾಬ್ ಹಾಕುವ ಮೊದಲು ಸಿಸ್ಟರ್ ಬಿಪಿ ನೋಡುತ್ತಾರೆ, ಮೂತ್ರದಲ್ಲಿ ಬಣ್ಣ ಬದಲಾಯಿಸುವ ಪಟ್ಟಿ ಅದ್ದಿ ಪ್ರೋಟೀನ್ ಹೋಗುತ್ತಿದೆಯೇ ಎಂದು ನೋಡುತ್ತಾರೆ. “ನನಗೆ ಬಿಪಿ ಯಾವತ್ತೂ ಇರಲಿಲ್ಲ ಸಿಸ್ಟರ್, ಈಗೆಲ್ಲಿಂದ ಬಂತು?” ಎಂದು ಕೇಳುವವರಿದ್ದಾರೆ. ನಮ್ಮ ಆರೋಗ್ಯವಂತ ನಾಳಗಳೂ ಸಡಿಲವಾಗಿರಲು ದಿನವೂ ಒಂದಿಷ್ಟು ವಿಇಜಿಎಫ್ ಬೇಕು. ಮೂತ್ರಪಿಂಡದ ಜರಡಿ ಸರಿಯಾಗಿರಲೂ ಬೇಕು. ಅದನ್ನು ತಡೆದರೆ ಬಿಪಿ ಏರುತ್ತದೆ, ಜರಡಿ ಸೋರುತ್ತದೆ. ಗಾಯ ಮಾಯುವುದು ನಿಧಾನವಾಗುತ್ತದೆ, ಹಾಗಾಗಿ ದೊಡ್ಡ ಆಪರೇಷನ್ನಿಗೂ ಈ ಔಷಧಕ್ಕೂ ನಡುವೆ ಕನಿಷ್ಠ 28 ದಿನ ಬಿಡುತ್ತೇವೆ. ವಿರಳವಾಗಿ ಕರುಳು ತೂತಾಗುವುದುಂಟು. ಕೂದಲು ಉದುರದ, ವಾಂತಿ ಬಾರದ ಔಷಧ ಎಂದು ಯಾರೂ ಇದನ್ನು ಲಘುವಾಗಿ ಎಣಿಸಬಾರದು. ಹೊಟ್ಟೆ ತಡೆಯಲಾರದಷ್ಟು ನೋವು ಬಂದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಬನ್ನಿ ಎಂದು ನಾವು ಪ್ರತಿಯೊಬ್ಬರಿಗೂ ಹೇಳಿ ಕಳಿಸುತ್ತೇವೆ.

ಅದೇ ವಾರ್ಡಿನಲ್ಲಿ ಪದೇ ಪದೇ ಕೇಳುವ ಇನ್ನೊಂದು ಮಾತು: “ಡಾಕ್ಟ್ರೇ, ಗೆಡ್ಡೆಗೆ ಆಹಾರ ಸಿಗದ ಹಾಗೆ ಮಾಡ್ತೀವಿ ಅಂದ್ರಲ್ಲ, ಅದಕ್ಕೇ ಅಪ್ಪನಿಗೆ ಸಕ್ಕರೆ ನಿಲ್ಸಿದ್ದೀವಿ, ಅನ್ನಾನೂ ಕಮ್ಮಿ ಮಾಡಿದ್ದೀವಿ.” ಪಕ್ಕದಲ್ಲಿ ಅಪ್ಪ ಎಲುಬು ಕಾಣುವಷ್ಟು ಸೊರಗಿ ಕೂತಿರುತ್ತಾರೆ. ಊಟ ಬಿಟ್ಟರೆ ಗೆಡ್ಡೆ ಸೊರಗುವುದಿಲ್ಲ, ಮನುಷ್ಯ ಸೊರಗುತ್ತಾರೆ. “ಯಜಮಾನ್ರೇ, ಮುದ್ದೆ, ಸೊಪ್ಪಿನ ಸಾರು, ಮೊಟ್ಟೆ, ಮೊಸರು, ನಿಮಗೆ ಏನು ಸೇರುತ್ತೋ ಅದನ್ನ ಹೊಟ್ಟೆ ತುಂಬ ಊಟ ಮಾಡಿ” ಎಂದರೆ ಅವರ ಮುಖ ಅರಳುತ್ತದೆ. ಇದರ ಜೊತೆಗೇ ಸೇರಿಸಿ ಹೇಳಬೇಕಾದ್ದು ಶಾರ್ಕ್ ಮೀನಿನ ಮೃದ್ವಸ್ಥಿಯ ಮಾತ್ರೆ. ಮೃದ್ವಸ್ಥಿಯಲ್ಲಿ ರಕ್ತನಾಳವಿಲ್ಲವೆಂಬುದು ನಿಜ. ಫೋಕ್‌ಮನ್ ಲ್ಯಾಬಿನಲ್ಲಿ ರಾಬರ್ಟ್ ಲ್ಯಾಂಗರ್ 1976ರಲ್ಲಿ ಕರುವಿನ ಮೃದ್ವಸ್ಥಿಯಿಂದ ನಾಳ ತಡೆಯುವ ಅಂಶ ಬೇರ್ಪಡಿಸಿದ್ದೂ ನಿಜ. ಶಾರ್ಕ್ ಮೃದ್ವಸ್ಥಿಯ ಮಾತ್ರೆ ನುಂಗಿದರೆ ಕ್ಯಾನ್ಸರ್ ವಾಸಿಯಾಗುತ್ತದೆ ಎಂಬುದು ಸುಳ್ಳು. ರೋಗಿಗಳ ಮೇಲೆ ನಡೆದ ಪರೀಕ್ಷೆಗಳಲ್ಲಿ ಅದು ಏನನ್ನೂ ಮಾಡಲಿಲ್ಲ.

ವಿಇಜಿಎಫ್ ಸಂದೇಶವನ್ನು ಕೋಶದೊಳಗೆ ತಡೆಯುವ ಮಾತ್ರೆಗಳೂ ಬಂದವು. ಮೂತ್ರಪಿಂಡದ ಕ್ಯಾನ್ಸರಿಗೆ 2005ರಲ್ಲಿ ಸೊರಾಫೆನಿಬ್, ಮರುವರ್ಷ ಸುನಿಟಿನಿಬ್. ಆ ಕ್ಯಾನ್ಸರಿನಲ್ಲಿ ಬಹುತೇಕ ವಿಎಚ್‌ಎಲ್ ಎಂಬ ಜೀನ್ ಕೆಟ್ಟು, ಆಮ್ಲಜನಕ ಸಾಕಷ್ಟಿದ್ದರೂ ಕೋಶ ಉಸಿರುಗಟ್ಟಿದಂತೆ ವಿಇಜಿಎಫ್ ಸುರಿಸುತ್ತಿರುತ್ತದೆ. ಅದಕ್ಕೇ ಅಲ್ಲಿ ಈ ಮಾತ್ರೆಗಳು ಇಷ್ಟು ಚೆನ್ನಾಗಿ ನಾಟುತ್ತವೆ.

ಸೊರಾಫೆನಿಬ್ ನಮ್ಮ ದೇಶದ ಕಾನೂನಿನ ಚರಿತ್ರೆಯಲ್ಲೂ ಸೇರಿದೆ. ಬೇಯರ್ ಕಂಪನಿ ಒಂದು ತಿಂಗಳ 120 ಮಾತ್ರೆಗೆ ಸುಮಾರು 2.8 ಲಕ್ಷ ರೂಪಾಯಿ ಇಟ್ಟಿತ್ತು. 2012ರ ಮಾರ್ಚಿನಲ್ಲಿ ಪೇಟೆಂಟ್ ಕಂಟ್ರೋಲರ್, ಅದೇ ಔಷಧವನ್ನು ತಯಾರಿಸಲು, ಹೈದರಾಬಾದಿನ ನ್ಯಾಟ್ಕೋ ಕಂಪನಿಗೆ ಕಡ್ಡಾಯ ಪರವಾನಗಿ ಕೊಟ್ಟರು. ಭಾರತದಲ್ಲಿ ಅದು ಮೊಟ್ಟಮೊದಲನೆಯದು. ಬೆಲೆ ಒಂಬತ್ತು ಸಾವಿರಕ್ಕೂ ಕೆಳಗೆ ಇಳಿಯಿತು, ಬೇಯರ್‌ಗೆ ರಾಯಧನವೂ ಸಿಕ್ಕಿತು. ಯಕೃತ್ತಿನ ಕ್ಯಾನ್ಸರಿನಲ್ಲಿ ಈ ಮಾತ್ರೆ ಕೊಡುತ್ತಿದ್ದದ್ದು ಮೂರು ತಿಂಗಳಿಗೂ ಕಡಿಮೆ ಹೆಚ್ಚುವರಿ ಆಯುಷ್ಯ. ಅಷ್ಟಕ್ಕೆ ತಿಂಗಳಿಗೆ 2.8 ಲಕ್ಷ ಕೇಳುವುದು ನ್ಯಾಯವಲ್ಲ ಎಂದು ನಾನು ಆಗಲೂ ಅಂದುಕೊಂಡಿದ್ದೆ, ಈಗಲೂ ಅನ್ನುತ್ತೇನೆ. ಬೆವಸಿಜುಮ್ಯಾಬ್ ವಿಷಯದಲ್ಲಿ ದಾರಿ ಬೇರೆಯಾಯಿತು. ಪೈಪೋಟಿಯಿಂದ ಬೆಲೆ ಇಳಿಯಿತು. ನಮ್ಮ ಬೆಂಗಳೂರಿನ ಬಯೋಕಾನ್ 2017ರ ನವೆಂಬರಿನಲ್ಲಿ ಕ್ರಾಬೆವಾ ಎಂಬ, ಮೂಲ ಔಷಧವನ್ನೇ ಹೋಲುವ ತನ್ನ ಬಯೋಸಿಮಿಲರ್ ತಂದಿತು, ಬೇರೆ ಭಾರತೀಯ ಕಂಪನಿಗಳೂ ತಂದಿವೆ.

ಈ ಔಷಧ ಅತ್ಯಂತ ಸೊಗಸಾಗಿ ಕೆಲಸ ಮಾಡಿದ್ದು ಕ್ಯಾನ್ಸರಿನ ಹೊರಗೆ, ಕಣ್ಣಿನಲ್ಲಿ. ಸಕ್ಕರೆ ಕಾಯಿಲೆಯಲ್ಲಿ ಅಕ್ಷಿಪಟಲಕ್ಕೆ ಆಮ್ಲಜನಕ ಸಾಲದೆ ವಿಇಜಿಎಫ್ ಹೆಚ್ಚಿ, ಸೋರುವ ನಾಳಗಳು ಹುಟ್ಟಿ ದೃಷ್ಟಿ ಹೋಗುತ್ತದೆ. ವಯಸ್ಸಾದವರ ಅಕ್ಷಿಪಟಲದ ಒಂದು ಕಾಯಿಲೆಯಲ್ಲೂ ಹಾಗೇ. 2005ರಲ್ಲಿ ಮಯಾಮಿಯ ಫಿಲಿಪ್ ರೋಸೆನ್‌ಫೆಲ್ಡ್ ಬೆವಸಿಜುಮ್ಯಾಬನ್ನು ನೇರ ಕಣ್ಣಿಗೆ ಚುಚ್ಚಿ ನೋಡಿದರು. ಕರುಳಿನ ಕ್ಯಾನ್ಸರಿಗೆ ಅರವತ್ತು ಕಿಲೋ ತೂಗುವವರಿಗೆ ಒಂದು ಸಲಕ್ಕೆ 300 ಮಿಲಿಗ್ರಾಂ ಬೇಕಾದರೆ, ಕಣ್ಣಿಗೆ ಸಾಕಾದದ್ದು 1.25 ಮಿಲಿಗ್ರಾಂ. ರಾನಿಬಿಜುಮ್ಯಾಬ್ ಎಂಬ ದುಬಾರಿ ಕಣ್ಣಿನ ಔಷಧದಷ್ಟೇ ಇದು ಪರಿಣಾಮಕಾರಿ ಎಂದು 2011ರಲ್ಲಿ ದೊಡ್ಡ ಪರೀಕ್ಷೆಯೊಂದು ತೋರಿಸಿತು. ಕಣ್ಣಿನಲ್ಲಿ ಬದಲಾಗುತ್ತ ಹೋಗುವ ಕ್ಯಾನ್ಸರ್ ಕೋಶವಿಲ್ಲ, ನಮ್ಮದೇ ಕೋಶ, ನಮ್ಮದೇ ನಾಳ. ಫೋಕ್‌ಮನ್ ತರ್ಕ ಅಲ್ಲಿ ಹೆಚ್ಚು ಪೂರ್ತಿಯಾಗಿ ಫಲಿಸಿತು. 2008ರ ಜನವರಿಯಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ದೃಷ್ಟಿ ಉಳಿಸಿಕೊಂಡವರ ಸಾಲು ಆಗಲೇ ಬೆಳೆಯುತ್ತಿತ್ತು.

ಈಗಿನ ಬೆಳವಣಿಗೆ ಒಂದನ್ನು ಹೇಳಿ ಮುಗಿಸುತ್ತೇನೆ. ವಿಇಜಿಎಫ್ ನಾಳಗಳನ್ನು ಕರೆಯುವುದಲ್ಲದೆ, ರೋಗನಿರೋಧಕ ಕೋಶಗಳು ಗೆಡ್ಡೆಯೊಳಗೆ ಬಾರದಂತೆಯೂ ತಡೆಯುತ್ತದೆ. ಆದ್ದರಿಂದ ಅದನ್ನು ತಡೆದು ಜೊತೆಗೆ ಆ ಕೋಶಗಳನ್ನು ಚುರುಕುಗೊಳಿಸುವ ಇಮ್ಯುನೋಥೆರಪಿ ಕೊಟ್ಟರೆ ಹೇಗೆ ಎಂದು ಸಂಶೋಧಕರು ನೋಡಿದರು. 2020ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಆಪರೇಷನ್ ಮಾಡಲಾಗದ ಯಕೃತ್ತಿನ ಕ್ಯಾನ್ಸರಿನಲ್ಲಿ, ಅಟೆಜೊಲಿಜುಮ್ಯಾಬ್ ಎಂಬ ಇಮ್ಯುನೋಥೆರಪಿ ಔಷಧ ಮತ್ತು ಬೆವಸಿಜುಮ್ಯಾಬ್ ಒಟ್ಟಿಗೆ ಪಡೆದವರಲ್ಲಿ ಶೇ. 67.2 ಜನ ಒಂದು ವರ್ಷದ ನಂತರ ಬದುಕಿದ್ದರು. ಸೊರಾಫೆನಿಬ್ ಪಡೆದವರಲ್ಲಿ ಶೇ. 54.6. ಈ ಜೋಡಿ ಶುರುಮಾಡುವ ಮೊದಲು ಎಂಡೋಸ್ಕೋಪಿ ಮಾಡಿ ಅನ್ನನಾಳದಲ್ಲಿ ಊದಿಕೊಂಡ ನಾಳಗಳಿದ್ದರೆ ಮೊದಲು ಅವಕ್ಕೆ ಚಿಕಿತ್ಸೆ ಕೊಡುತ್ತೇವೆ. ಇಲ್ಲವಾದರೆ ಅಲ್ಲಿಂದಲೇ ರಕ್ತಸ್ರಾವವಾದೀತು. ಬೆವಸಿಜುಮ್ಯಾಬ್ ಅಗ್ಗವಾಗಿದೆ, ಅದರ ಜೊತೆಗಾರ ಔಷಧ ಇನ್ನೂ ನಮ್ಮ ಬಹುಪಾಲು ಮನೆಗಳ ಕೈಗೆ ಎಟುಕುವುದಿಲ್ಲ. ಯಾರಿಗೆ ಬೆವಸಿಜುಮ್ಯಾಬ್ ನಾಟುತ್ತದೆ, ಯಾರಿಗೆ ಇಲ್ಲ ಎಂದು ಮೊದಲೇ ಹೇಳುವ ನಂಬಲರ್ಹ ರಕ್ತಪರೀಕ್ಷೆಯೂ ಬಂದಿಲ್ಲ. ಕೊಟ್ಟು, ಎರಡು ಮೂರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿ, ಫಲವಿದ್ದರೆ ಮುಂದುವರಿಸಿ, ಇಲ್ಲದಿದ್ದರೆ ನಿಲ್ಲಿಸುವುದು ಇವತ್ತಿನ ಪದ್ಧತಿ. ನಿಲ್ಲಿಸುವ ದಿನ ಬಂದಾಗ ಅದನ್ನು ರೋಗಿಯ ಮುಂದೆ ಕೂತು, ಅವಸರವಿಲ್ಲದೆ, ಅವರ ಮಾತಿನಲ್ಲೇ ಹೇಳಲು ಬೇಕಾದ ಸಮಯವನ್ನು ನಮ್ಮ ಆಸ್ಪತ್ರೆಗಳು ವೈದ್ಯರಿಗೆ ಕೊಡಬೇಕು. ಈ ಸಭೆಯಲ್ಲಿ ಆಸ್ಪತ್ರೆ ನಡೆಸುವವರೂ ಇದ್ದೀರಿ, ಅದನ್ನು ನಿಮ್ಮಲ್ಲಿ ಕೇಳಿಕೊಳ್ಳುತ್ತೇನೆ.